ಮಣಿ ಮೇಳದಲ್ಲಿ, ಕೊಂಡಿ ಅಂಗಡಿಯಲ್ಲಿ

ಪ್ರಶ್ನೆ: ಅಕ್ಕಾ, ಮನೆಯಲ್ಲೇ ಕಿವಿಯೋಲೆ, ಸರ ಮಾಡಿ ಪರಿಚಯದವರಿಗೆ ಮಾರುತ್ತೇನೆ. ಮಂಗಳೂರಿಗೆ ಕರಕುಶಲ ಮೇಳ ಬಂದಾಗೆಲ್ಲ ಹೋಗಿ ಚೀಲ ತುಂಬ ಮಣಿ ತರುತ್ತೇನೆ. ಮನೆಗೆ ಬಂದು ಬಿಡಿಸಿದರೆ ಒಂದಕ್ಕೊಂದು ಸೇರುವುದೇ ಇಲ್ಲ. ಏನು ತರಬೇಕು, ಏನು ಬಿಡಬೇಕು?
– ಓದುಗಿ, ಕಾಪು

ಉತ್ತರ: ಸ್ಟಾಲಿನ ಹಳದಿ ಬಲ್ಬಿನ ಕೆಳಗೆ ಎಲ್ಲ ಮಣಿಯೂ ಚಂದವೇ ಮಾರಾಯ್ರೆ. ಅದಕ್ಕೇ ಹಗಲಲ್ಲಿ ಹೋಗಿ, ಲೈನನ್ನು (ದಾರಕ್ಕೆ ಪೋಣಿಸಿ ಮಾರುವ ಮಣಿಯ ಎಳೆ) ಹೊರಗಿನ ಬೆಳಕಿಗೆ ಹಿಡಿದು ನೋಡಿ. ಮಾಡಬೇಕೆಂದಿರುವ ಸರವನ್ನು ಮೊದಲೇ ಒಂದು ಚೀಟಿಯಲ್ಲಿ ಗೀಚಿಕೊಳ್ಳಿ, ಲೆಕ್ಕವೂ ಅದರಲ್ಲೇ ಇರಲಿ. ಕಲ್ಲಿನ ಮಣಿಯ ಲೈನ್ ಸಾಮಾನ್ಯವಾಗಿ 15-16 ಇಂಚು ಇರುತ್ತದೆ. 8 ಮಿ.ಮೀ. ಮಣಿಯಾದರೆ 16 ಇಂಚಿಗೆ ಸುಮಾರು 50 ಬರುತ್ತವೆ. 24 ಇಂಚಿನ ಸರಕ್ಕೆ 76 ಬೇಕು, ಅಂದರೆ ಎರಡು ಲೈನ್ ತೆಗೆದುಕೊಂಡರೆ ಉಳಿದದ್ದರಲ್ಲಿ ಒಂದು ಬ್ರೇಸ್‌ಲೆಟ್ ಕೂಡ ಆಗುತ್ತದೆ. ಮನೆಯಲ್ಲಿ ಬಿದ್ದಿರುವ ಹಳೆಯ ಮಣಿಗಳಲ್ಲಿ ಒಂದೊಂದು ಪರ್ಸಿನಲ್ಲಿ ಹಾಕಿಕೊಂಡು ಹೋಗಿ, ಬಣ್ಣ ಅಲ್ಲೇ ಹೊಂದಿಸಬಹುದು.

ಇನ್ನು ಏನು ತರಬೇಕು ಎಂಬ ಮಾತು. ಕೈಯಲ್ಲಿ ಹಿಡಿದೇ ಆರಿಸಬೇಕಾದದ್ದನ್ನು ಮೇಳದಲ್ಲಿ ಕೊಳ್ಳಿ. ಗುಜರಾತಿನ ಖಂಭಾತದ ಅಗೇಟ್ ಎಂಬ ಕಲ್ಲು, ಜೈಪುರದಲ್ಲಿ ಕಡೆದ ಕಲ್ಲು, ಚನ್ನಪಟ್ಟಣದ ಮರದ ಮಣಿ, ಇವು ಒಂದು ಲೈನ್ ಇದ್ದ ಹಾಗೆ ಇನ್ನೊಂದು ಇರುವುದಿಲ್ಲ, ಫೋಟೋ ನೋಡಿ ತರಿಸಿದರೆ ಸುಖವಿಲ್ಲ. ಚನ್ನಪಟ್ಟಣದ ಮಣಿ ಹಗುರ, ದೊಡ್ಡ ಕಿವಿಯೋಲೆಗೆ ಹೇಳಿ ಮಾಡಿಸಿದಂತಿದೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಮಾತ್ರ ಬಿಟ್ಟು ಬರಬೇಡಿ, ಅದರ ಬಣ್ಣ ಅರಗಿನದ್ದು, ಶಾಖಕ್ಕೆ ಮೆತ್ತಗಾಗುತ್ತದೆ. ಒಂದೇ ಡಿಸೈನನ್ನು ನಾಲ್ಕು ಜನಕ್ಕೆ ಮಾಡುವುದಿದ್ದರೆ ಅಷ್ಟೂ ಮಣಿ ಒಟ್ಟಿಗೇ ತನ್ನಿ. ಮುಂದಿನ ಸಲ ಅದೇ ಬಣ್ಣ ಸಿಗುವುದು ಕಷ್ಟ.

ಕಿವಿಯ ಹುಕ್, ಜಂಪ್ ರಿಂಗ್ (ತುಂಡುಗಳನ್ನು ಜೋಡಿಸುವ ಸಣ್ಣ ಉಂಗುರ), ಹೆಡ್ ಪಿನ್ (ಮಣಿ ಪೋಣಿಸುವ, ತುದಿಯಲ್ಲಿ ತಲೆಯಿರುವ ಕಡ್ಡಿ), ಕೊಂಡಿ, ಗೇರ್ ವೈರ್ (ನೈಲಾನ್ ಹೊದಿಸಿದ ಸಪೂರ ಉಕ್ಕಿನ ತಂತಿ) ಇವನ್ನೆಲ್ಲ ನಾಲ್ಕು ಕಾಸು ಜಾಸ್ತಿಯಾದರೂ ಊರಿನ ಅಂಗಡಿಯಲ್ಲೇ ತೆಗೆದುಕೊಳ್ಳಿ. ನಮ್ಮ ಕಡೆಯ ಸೆಕೆ, ಬೆವರು, ಉಪ್ಪುಗಾಳಿಗೆ ತೆಳು ಲೇಪದ ಲೋಹ ಬೇಗ ಕಪ್ಪಾಗುತ್ತದೆ. ಗಿರಾಕಿ ಕಿವಿ ತುರಿಸುತ್ತದೆ ಅಂತ ವಾಪಸ್ ತಂದಾಗ (ಹೆಚ್ಚಾಗಿ ಅದು ನಿಕಲ್‌ನ ಕೆಲಸ) ನಿಮಗೆ ಹುಕ್ ಕೊಟ್ಟವರು ಸಿಗಬೇಕಲ್ವಾ? ಮೇಳದವರು ಅಷ್ಟರಲ್ಲಿ ಇನ್ಯಾವುದೋ ಊರಿನಲ್ಲಿ ಸ್ಟಾಲ್ ಹಾಕಿರುತ್ತಾರೆ. ಅಂಗಡಿಗೆ ಹೋಗುವಾಗ ಚಿಕ್ಕದೊಂದು ಅಯಸ್ಕಾಂತ ಇಟ್ಟುಕೊಳ್ಳಿ. ಹಿತ್ತಾಳೆ ಎಂದು ಕೊಟ್ಟದ್ದು ಅದಕ್ಕೆ ಗಟ್ಟಿಯಾಗಿ ಅಂಟಿತು ಅಂದರೆ ಒಳಗೆ ಕಬ್ಬಿಣ ಉಂಟು. ಒಂದು ಮಳೆಗಾಲಕ್ಕೇ ತುಕ್ಕು ಹಿಡಿಯುತ್ತದೆ.

ಪ್ರಶ್ನೆ: ಮುತ್ತು, ಕಲ್ಲು ಅಸಲಿಯೋ ನಕಲಿಯೋ ಎಂದು ಸ್ಟಾಲಿನಲ್ಲೇ ನಿಂತು ತಿಳಿಯುವುದು ಹೇಗೆ?
– ಓದುಗಿ, ಕದ್ರಿ

ಉತ್ತರ: ಪೂರ್ತಿ ಖಾತ್ರಿ ಲ್ಯಾಬಿನಲ್ಲಿ ಮಾತ್ರ. ಆದರೂ ಕೆಲವು ಉಪಾಯಗಳಿವೆ. ಎರಡು ಮುತ್ತನ್ನು ಒಂದಕ್ಕೊಂದು ಮೆಲ್ಲಗೆ ಉಜ್ಜಿ. ಅಸಲಿಯಾದರೆ ಸಣ್ಣ ಮರಳು ತಾಗಿದಂತೆ ತರಿತರಿ ಅನಿಸುತ್ತದೆ, ಗಾಜಿನದ್ದು ನುಣ್ಣಗೆ ಜಾರುತ್ತದೆ. ತೂತಿನ ಬಾಯಿಯನ್ನೂ ನೋಡಿ, ಗಾಜಿನ ಮುತ್ತಿನಲ್ಲಿ ಲೇಪ ಅಲ್ಲೇ ಸಿಪ್ಪೆ ಎದ್ದಿರುತ್ತದೆ. ನೀಲಿ ಟರ್ಕಾಯ್ಸ್ ಎಂದು ಅಗ್ಗಕ್ಕೆ ಮಾರುವುದರಲ್ಲಿ ಬಣ್ಣ ಹಾಕಿದ ಹೌಲೈಟ್ ಎಂಬ ಬಿಳಿ ಕಲ್ಲು ತುಂಬ ಇರುತ್ತದೆ. ಅಂಗಡಿಯವರು ಒಪ್ಪಿದರೆ ಹತ್ತಿಗೆ ಅಸಿಟೋನ್ (ಉಗುರು ಬಣ್ಣ ತೆಗೆಯುವ ದ್ರವ) ಹಾಕಿ ಒಂದು ಮಣಿ ಒರೆಸಿ ನೋಡಿ, ಹತ್ತಿ ನೀಲಿಯಾದರೆ ಬಣ್ಣ ಹಾಕಿದ್ದೇ. ಅವರು ಒಪ್ಪದೇ ಇದ್ದರೆ ಅದೂ ಒಂದು ಉತ್ತರವೇ. ಬಣ್ಣ ಹಾಕಿದ್ದೆಲ್ಲ ಮೋಸ ಅಂತ ಮಾತ್ರ ತಿಳಿಯಬೇಡಿ. ಅಗೇಟಿಗೆ ಬಣ್ಣ ಹಾಕುವುದು ಮಾಮೂಲು, ಕಲ್ಲು ಅಸಲಿಯೇ. ಹೇಳಿ ಮಾರಬೇಕು, ಅಷ್ಟೇ. ನೀವೂ ನಿಮ್ಮ ಗಿರಾಕಿಗೆ ಹೇಳಿ.

ಪ್ರಶ್ನೆ: ಕರಿಮಣಿ ಸರ ಪದೇ ಪದೇ ತುಂಡಾಗುತ್ತದೆ. ನಮ್ಮ ಯಜಮಾನರು ಬೋಟಿನವರು, ತಂಗೂಸಿಯಲ್ಲೇ ಪೋಣಿಸು ಎನ್ನುತ್ತಾರೆ. ಸರಿಯೇ?
– ಓದುಗಿ, ಮಲ್ಪೆ

ಉತ್ತರ: ದೊಡ್ಡ ಮೀನನ್ನು ತಡೆಯುವ ದಾರ ಕರಿಮಣಿಯನ್ನು ತಡೆಯಲಿಕ್ಕಿಲ್ಲವಾ ಎಂಬುದು ಅವರ ಲೆಕ್ಕ ಇರಬೇಕು! ತಂಗೂಸಿ ಎಳೆದರೆ ತುಂಡಾಗುವುದಿಲ್ಲ, ನಿಜ. ಆದರೆ ಗಾಜಿನ ಮಣಿಯ ತೂತಿನ ಅಂಚು ಹರಿತ. ದಿನವೂ ಕುತ್ತಿಗೆಯಲ್ಲಿ ಅಲುಗಾಡುವಾಗ ಅದು ಕೊಯ್ಯುತ್ತಲೇ ಇರುತ್ತದೆ. ಬಿಸಿಲು ತಾಗಿ ತಾಗಿ ತಂಗೂಸಿ ಪೆಡಸಾಗುತ್ತದೆ, ಗಂಟೂ ಜಾರುತ್ತದೆ. ಮಕ್ಕಳ ಸರಕ್ಕೆ ಧಾರಾಳ ಸಾಕು. ನಿತ್ಯ ಹಾಕುವುದಕ್ಕೆ ಗೇರ್ ವೈರ್ ಹಾಕಿ, ತುದಿಗೆ ಗೇರ್ ಲಾಕ್ ಎಂಬ ಪುಟ್ಟ ಲೋಹದ ಮಣಿ ಹಾಕಿ ಇಕ್ಕಳದಲ್ಲಿ ಒತ್ತಿ. ತೂತಿನಲ್ಲಿ ಹಿಡಿಯುವಷ್ಟು ದಪ್ಪದ್ದೇ ಇರಲಿ. ನಡುವೆ ಚಿನ್ನದ ಗುಂಡು ಇದ್ದರೆ ಈ ಪ್ರಯೋಗವೆಲ್ಲ ಬೇಡ, ಸುಮ್ನೆ ನಿಮ್ಮ ಅಕ್ಕಸಾಲಿಗರ ಕೈಗೆ ಕೊಡಿ.

ಪ್ರಶ್ನೆ: ಸಣ್ಣ ಗಾಜಿನ ಮಣಿಯ ಪ್ಯಾಕೆಟ್ ಮೇಲೆ 8/0, 11/0 ಎಂದಿರುತ್ತದೆ. ಯಾವುದು ದೊಡ್ಡದು?
– ಓದುಗ, ಮಣಿಪಾಲ

ಉತ್ತರ: ಅಂಕೆ ದೊಡ್ಡದಾದಷ್ಟೂ ಮಣಿ ಸಣ್ಣದು. 8/0 ಸುಮಾರು 3 ಮಿ.ಮೀ., 11/0 ಸುಮಾರು 2 ಮಿ.ಮೀ. ಕಲಿಯುವವರು 8/0 ತೆಗೆದುಕೊಳ್ಳಿ, ಕಣ್ಣಿಗೆ ಒಳ್ಳೆಯದು.

ಪ್ರಶ್ನೆ: ಮೇಳದಲ್ಲಿ ಚೌಕಾಸಿ ಮಾಡಬಹುದೇ?
– ಓದುಗಿ, ಸುರತ್ಕಲ್

ಉತ್ತರ: ಯಾರ ಹತ್ತಿರ ಎನ್ನುವುದನ್ನು ನೋಡಿ. ಕೇಂದ್ರದ ಜವಳಿ ಸಚಿವಾಲಯ ಕುಶಲಕರ್ಮಿಗಳಿಗೆ ಪೆಹಚಾನ್ ಎಂಬ ಗುರುತಿನ ಕಾರ್ಡ್ ಕೊಡುತ್ತದೆ. ಅದು ಇದ್ದು, ತಾವೇ ಮಾಡಿದ್ದನ್ನು ಮಾರುವವರ ಹತ್ತಿರ ಜಗ್ಗಾಡಬೇಡಿ. ಬೇರೆ ಕಡೆಯಿಂದ ತಂದು ಮಾರುವವರ ಹತ್ತಿರ ಧಾರಾಳ ಕೇಳಿ, ಐದಾರು ಲೈನ್ ಒಟ್ಟಿಗೆ ತೆಗೆದುಕೊಂಡರೆ ಅವರೇ ಇಳಿಸುತ್ತಾರೆ. ಕೊನೆಯ ದಿನ ಸಂಜೆ ರೇಟು ಇನ್ನೂ ಇಳಿಯುತ್ತದೆ, ಆದರೆ ಒಳ್ಳೆಯ ಲೈನುಗಳು ಅಷ್ಟು ಹೊತ್ತು ಕಾಯುವುದಿಲ್ಲ.