ಹೂ ಕಟ್ಟುವ ಕೈಗೂ ಲೆಕ್ಕ ಉಂಟು

ಉಡುಪಿ ಹತ್ತಿರದ ಕಟಪಾಡಿಯ ಓದುಗರೊಬ್ಬರ ಪತ್ರ: "ನನ್ನ ಹೆಂಡತಿ ಗಂಟೆಗೆ 120 ಬೀಡಿ ಕಟ್ಟುತ್ತಾಳೆ, ಇಲ್ಲವೇ 600 ಮಲ್ಲಿಗೆ. ಪಕ್ಕದ ಮನೆಯ ಅಕ್ಕ 100 ಬೀಡಿ, ಇಲ್ಲವೇ 200 ಹೂ. ಎರಡರಲ್ಲೂ ನಮ್ಮವಳೇ ಮುಂದೆ. ಆದರೂ ಕೆಲಸ ಹಂಚಿಕೊಂಡರೆ ಲಾಭ ಅಂತಾನೆ ಪಿಯುಸಿ ಓದುವ ಮಗ. ಹೇಗೂ ಮನೆಯಲ್ಲಿ ಸುಮ್ನೆ ಕೂತಿರುವವಳು, ಎರಡೂ ಮಾಡಲಿ ಬಿಡಿ."

ಸ್ವಾಮಿ, ಮಗ ಹೇಳಿದ್ದು ಸರಿ. ನೀವು ಗಂಟೆ ನೋಡಿದಿರಿ, ಬಿಟ್ಟುಕೊಟ್ಟದ್ದನ್ನು ನೋಡಲಿಲ್ಲ. ನಿಮ್ಮ ಮನೆಯವರು ಒಂದು ಬೀಡಿ ಕಟ್ಟುವ ಹೊತ್ತಿನಲ್ಲಿ 5 ಹೂ ಕೈಬಿಡುತ್ತಾರೆ. ಪಕ್ಕದ ಅಕ್ಕ ಬಿಡುವುದು 2 ಹೂ ಮಾತ್ರ. ಪುಸ್ತಕದಲ್ಲಿ ಅವಕಾಶ ವೆಚ್ಚ ಅನ್ನುವುದು ಇದಕ್ಕೇ. ಕೈ ನಿಧಾನವಾದರೂ ಬೀಡಿ ಅಗ್ಗವಾಗುವುದು ಆ ಅಕ್ಕನಿಗೇ. ತುಲನಾತ್ಮಕ ಅನುಕೂಲ ಅಂದರೆ ಇಷ್ಟೇ.

ನಂಬಿಕೆ ಬರಲಿಲ್ವಾ? ಬೆಳಿಗ್ಗೆ ಇಬ್ಬರಿಗೂ 4 ಗಂಟೆ ಅಂತ ಇಟ್ಟುಕೊಳ್ಳಿ. ಎರಡೆರಡು ಗಂಟೆ ಎರಡೂ ಮಾಡಿದರೆ ಒಟ್ಟು 440 ಬೀಡಿ, 1600 ಹೂ, ಅಂದರೆ 800 ಹೂವಿಗೆ ಒಂದರಂತೆ 2 ಚೆಂಡು. ಈಗ ಅಕ್ಕ ಪೂರ್ತಿ ಬೀಡಿಗೆ ಕೂರಲಿ: 400. ನಿಮ್ಮವರು ಅರ್ಧ ಗಂಟೆ ಬೀಡಿ, ಉಳಿದ ಮೂರೂವರೆ ಗಂಟೆ ಹೂ. ಬೀಡಿ 460, ಹೂ 2100. ಅದೇ ಕೈ, ಅದೇ ಹೊತ್ತು, 20 ಬೀಡಿ ಮತ್ತು 500 ಹೂ ಜಾಸ್ತಿ!

1817ರಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ ಹಾಕಿದ್ದೂ ಇದೇ ಲೆಕ್ಕ. ಅವನ ಉದಾಹರಣೆಯಲ್ಲಿ ಪೋರ್ಚುಗಲ್‌ಗೆ ವೈನ್ ಮಾಡಲು 80 ಜನರ ವರ್ಷದ ದುಡಿಮೆ, ಬಟ್ಟೆಗೆ 90. ಇಂಗ್ಲೆಂಡಿಗೆ 120 ಮತ್ತು 100. ಎರಡರಲ್ಲೂ ಪೋರ್ಚುಗಲ್ ಮುಂದೆ, ನಿಮ್ಮ ಮನೆಯವರ ಹಾಗೆ. ಆದರೂ ಬಟ್ಟೆ ಇಂಗ್ಲೆಂಡ್ ಮಾಡಲಿ ಅಂದ. (ಅದೇ ಪೋರ್ಚುಗೀಸರು ನಮ್ಮ ಕರಾವಳಿಯ ಅಕ್ಕಿಯನ್ನು ಕಪ್ಪವಾಗಿಯೂ ಒಯ್ದರು ನೋಡಿ. ಅದು ಹಂಚಿಕೆಯಲ್ಲ, ದಬ್ಬಾಳಿಕೆ.)

ಒಂದು ಮಾತು ಒಪ್ಪುತ್ತೇನೆ. ಹೆಚ್ಚಾದದ್ದು ಯಾರಿಗೆ ಎಷ್ಟು ಅಂತ ಈ ಲೆಕ್ಕ ಹೇಳುವುದಿಲ್ಲ. ಬೀಡಿ ಕೆಲಸ ಕಡಿಮೆಯಾದರೆ ಅಕ್ಕನ ಗತಿ ಏನು ಅಂತಲೂ ಹೇಳುವುದಿಲ್ಲ. ಅದು ಬೇರೆ ಜಗಳ.

ನನಗೆ ಸಿಟ್ಟು ಬಂದದ್ದು ನಿಮ್ಮ ಕೊನೆಯ ಸಾಲಿಗೆ. ಸುಮ್ನೆ ಕೂತಿರುವವಳಾ? ಬೆಳಗಾಗುವ ಮೊದಲೇ ಮೊಗ್ಗು ಕೊಯ್ದು, ಬಾಳೆ ನಾರು ನೆನೆಸಿ, 800 ಹೂವಿಗೆ ಒಂದು ಚೆಂಡಿನಂತೆ ಎಣಿಸಿ, ಕೊಳ್ಳುವವರು ಬರುವುದರೊಳಗೆ ಕಟ್ಟಿ ಮುಗಿಸುವವರು! ನನ್ನ ಅಮ್ಮನೂ ಬೀಡಿ ಕಟ್ಟುತ್ತಾ ಒಲೆ ನೋಡಿಕೊಂಡು, ನಮ್ಮ ಮಗ್ಗಿ ತಪ್ಪಿದರೆ ಅಲ್ಲಿಂದಲೇ ಗದರುತ್ತಿದ್ದರು. ಅಪ್ಪ ಮಾತ್ರ ಬಂದವರ ಹತ್ತಿರ "ಇವಳಿಗೆ ಮನೆಯಲ್ಲಿ ಎಂತ ಕೆಲಸ" ಅನ್ನುತ್ತಿದ್ದರು.

ನಮ್ಮ ಊರಲ್ಲಿ ಬೇರೆಯವರ ಹೊತ್ತಿಗೆ ಬೆಲೆಯೇ ಇಲ್ಲ. ಕಳೆದ ವಾರ ಒಂದು ಸಭಾ ಕಾರ್ಯಕ್ರಮಕ್ಕೆ ಹೋಗಿದ್ದೆ. ಅತಿಥಿ ಬಂದದ್ದು ಒಂದು ಗಂಟೆ ತಡ, ಕಾದದ್ದು 200 ಜನ. ಪಕ್ಕದ ಅಕ್ಕನ ಲೆಕ್ಕದಲ್ಲಿ 20,000 ಬೀಡಿ! ಮತ್ತೆ ಅವರಿಗೇ ಶಾಲು, ಹಣ್ಣಿನ ಬುಟ್ಟಿ.

ಮುಂದಿನ ಪತ್ರ ಮನೆಯವರೇ ಬರೆಯಲಿ. ಅರ್ಧ ಗಂಟೆಯಾದರೂ ಬೇಕು, ಅಂದರೆ 300 ಹೂ. ಅದನ್ನು ಅಷ್ಟು ಹೊತ್ತು ನೀವು ಕೂತು ಕಟ್ಟಿ.

- ಸಂ.