ಭಜನಾ ಮಂಡಳಿಗೆ ಸೇರಿದರೆ ಆರೋಗ್ಯ ನಿಜಕ್ಕೂ ಸುಧಾರಿಸುತ್ತದೆಯೇ?

ನಿಮ್ಮ ತಂದೆಯವರು ತೀರಿಕೊಂಡ ಮೇಲೆ ಮನೆಯಿಂದ ಹೊರಬರಲು ಒಪ್ಪದ ತಾಯಿಯವರನ್ನು ಭಜನಾ ಮಂಡಳಿಗೆ ಸೇರಿಸಿದರೆ ಆರೋಗ್ಯಕ್ಕೆ ಪ್ರಯೋಜನವಿದೆಯೇ, ಅಥವಾ ಅದು ಬರಿಯ ಕಾಲಕ್ಷೇಪವೇ ಎಂದು ಕೇಳಿದ್ದೀರಿ. ಹನ್ನೊಂದು ವರ್ಷಗಳಿಂದ ನಮ್ಮ ಬಡಾವಣೆಯ ಮಂಡಳಿಯಲ್ಲಿ ಹಾಡುತ್ತಿರುವ ನನ್ನ ಅನುಭವದಲ್ಲಿ ಖಂಡಿತ ಪ್ರಯೋಜನವಿದೆ. ಆದರೆ ವಾರವಾರವೂ ತಪ್ಪದೆ ಹೋಗಬೇಕು, ಹೋದಲ್ಲಿ ಬಾಯಿಬಿಟ್ಟು ಹಾಡಬೇಕು.

ಇದು ನನ್ನೊಬ್ಬಳ ನಂಬಿಕೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗವು 2019ರಲ್ಲಿ ಮೂರು ಸಾವಿರಕ್ಕೂ ಹೆಚ್ಚು ಅಧ್ಯಯನಗಳನ್ನು ಪರಿಶೀಲಿಸಿ, ಕಾಯಿಲೆಗಳನ್ನು ತಡೆಯುವಲ್ಲಿಯೂ ಅವುಗಳ ಆರೈಕೆಯಲ್ಲಿಯೂ ಕಲೆಗೆ ಪಾತ್ರವಿದೆ ಎಂದು ವರದಿ ಮಾಡಿತು. ಅದೇ ವರ್ಷ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಅಧ್ಯಯನವೊಂದು ಇಂಗ್ಲೆಂಡಿನ ಐವತ್ತು ದಾಟಿದ 6,710 ಮಂದಿಯನ್ನು ಸುಮಾರು 14 ವರ್ಷ ಗಮನಿಸಿತ್ತು. ನಾಟಕ, ಸಂಗೀತ ಕಛೇರಿ, ವಸ್ತುಸಂಗ್ರಹಾಲಯಗಳಿಗೆ ಕೆಲವು ತಿಂಗಳಿಗೊಮ್ಮೆಯಾದರೂ ಹೋಗುತ್ತಿದ್ದವರಲ್ಲಿ, ಎಂದೂ ಹೋಗದವರಿಗಿಂತ ಸಾವಿನ ಅಪಾಯ ಶೇ. 31ರಷ್ಟು ಕಡಿಮೆ ಇತ್ತು; ವರ್ಷಕ್ಕೆ ಒಂದೆರಡು ಸಲ ಹೋಗುತ್ತಿದ್ದವರಲ್ಲಿ ಶೇ. 14ರಷ್ಟು. ಹಣಕಾಸಿನ ಸ್ಥಿತಿ, ಮೊದಲೇ ಇದ್ದ ಕಾಯಿಲೆ ಮುಂತಾದವನ್ನು ಲೆಕ್ಕಕ್ಕೆ ಹಿಡಿದ ಮೇಲೂ ಈ ವ್ಯತ್ಯಾಸ ಉಳಿದಿತ್ತು. ಹಾಗೆಂದು ಕಲೆಯೇ ಆಯುಷ್ಯ ಹೆಚ್ಚಿಸಿತೆಂದು ಇದರಿಂದ ಸಾಬೀತಾಗುವುದಿಲ್ಲ, ಏಕೆಂದರೆ ಕೈಕಾಲು ಗಟ್ಟಿಯಿರುವವರೇ ನಾಟಕ ನೋಡಲು ಹೊರಡುತ್ತಾರೆ ಎಂಬ ಮಾತನ್ನು ಪೂರ್ತಿಯಾಗಿ ತಳ್ಳಿಹಾಕಲಾಗದು.

ನನಗೆ ಅಂಕಿಅಂಶಗಳಿಗಿಂತ ಗಾಢವಾಗಿ ತಟ್ಟಿದ್ದು ನಮ್ಮ ಮಂಡಳಿಯ ಹಿರಿಯರೊಬ್ಬರ ಸ್ಥಿತಿ. ಪಾರ್ಶ್ವವಾಯು ಬಡಿದ ಮೇಲೆ ಅವರಿಗೆ ಮಾತು ನಿಂತುಹೋಗಿತ್ತು. ನೀರು ಬೇಕೆಂದರೂ ಲೋಟವನ್ನೇ ತೋರಿಸಬೇಕಿತ್ತು. ಸೊಸೆ ಅವರನ್ನು ಕರೆತಂದು ಜಮಖಾನದ ಅಂಚಿನಲ್ಲಿ ಗೋಡೆಗೆ ಒರಗಿಸಿ ಕೂರಿಸಿದ ಸಂಜೆ, ನಾವು ಹಾಡುತ್ತಿದ್ದ ದೇವರನಾಮದ ಪಲ್ಲವಿ ಎರಡನೆಯ ಸಲ ಬಂದಾಗ ಅವರ ಎಡಗೈ ತೊಡೆಯ ಮೇಲೆ ತಾಳ ಹಾಕತೊಡಗಿತು, ಚರಣಕ್ಕೆ ಬರುವಷ್ಟರಲ್ಲಿ ಪದಗಳೂ ಬಂದವು. ಮಾತಿನ ಕೆಲಸ ಹೆಚ್ಚಿನವರಲ್ಲಿ ಮಿದುಳಿನ ಎಡಭಾಗವನ್ನು ನೆಚ್ಚಿಕೊಂಡಿರುತ್ತದೆ, ಹಾಡುವಾಗ ಬಲಭಾಗವೂ ಬಹುವಾಗಿ ತೊಡಗುತ್ತದೆ. ಹೀಗಾಗಿ ಮಾತು ಕಳೆದುಕೊಂಡ ಕೆಲವರಿಗೆ ಹಾಡು ಉಳಿದಿರುತ್ತದೆ ಎಂದು ಆಮೇಲೆ ತಿಳಿದುಕೊಂಡೆ. ರಾಗ ಮತ್ತು ತಾಳದ ಮೂಲಕ ಮಾತನ್ನು ಮರಳಿ ಕಲಿಸುವ ಚಿಕಿತ್ಸಾ ವಿಧಾನವೊಂದು 1970ರ ದಶಕದಿಂದಲೇ ಬಳಕೆಯಲ್ಲಿದೆ. ಆ ಹಿರಿಯರು ಮೊದಲಿನಂತೆ ಮಾತನಾಡಲಿಲ್ಲ, ಆದರೆ ಮನೆಯಲ್ಲಿ ಅಳುವುದನ್ನು ನಿಲ್ಲಿಸಿದರು.

ನಿಮ್ಮ ತಾಯಿಯವರಿಗೆ ಈಗ ಬೇಕಾದದ್ದು ಬಹುಶಃ ಇನ್ನೂ ಸರಳವಾದದ್ದು. ಒಂದು ಸಾಲನ್ನು ಒಂದೇ ಉಸಿರಿನಲ್ಲಿ ಮುಗಿಸಲು ಉಸಿರನ್ನು ಹಿಡಿತದಲ್ಲಿಟ್ಟುಕೊಳ್ಳಬೇಕು, ಸಾಹಿತ್ಯವನ್ನು ನೆನಪಿನಲ್ಲಿಡಬೇಕು, ಪಕ್ಕದವರ ಶ್ರುತಿಗೆ ಕಿವಿಗೊಡಬೇಕು. ಅಷ್ಟು ಹೊತ್ತು ಮನಸ್ಸು ದುಃಖವನ್ನೇ ಕೆದಕುತ್ತಿರಲು ಬಿಡುವಿರುವುದಿಲ್ಲ. ಒಂದು ಶುಕ್ರವಾರ ತಪ್ಪಿಸಿದರೆ ಯಾಕೆ ಬರಲಿಲ್ಲವೆಂದು ವಿಚಾರಿಸುವವರೂ ಇರುತ್ತಾರೆ, ಒಂಟಿಯಾದವರಿಗೆ ಅದು ಸಣ್ಣ ಸಂಗತಿಯಲ್ಲ. ಆದರೆ ಊಟ, ನಿದ್ರೆ ತೀರಾ ಕೆಟ್ಟಿದ್ದರೆ ಮೊದಲು ವೈದ್ಯರಿಗೆ ತೋರಿಸಿ. ಬಿಪಿ, ಸಕ್ಕರೆಯ ಮಾತ್ರೆಗಳಿದ್ದರೆ ಅವನ್ನೂ ನಿಲ್ಲಿಸಬೇಡಿ.

ಒತ್ತಾಯ ಮಾಡಿ ಕಳುಹಿಸಬೇಡಿ. ಮದುವೆ ಮನೆಗಳಲ್ಲಿ ಅವರು ಯಾವ ಹಸೆ ಹಾಡು, ಯಾವ ಆರತಿ ಹಾಡು ಹೇಳುತ್ತಿದ್ದರೆಂದು ಕೇಳಿ ಬರೆದುಕೊಳ್ಳಿ, ಮೊದಲ ದಿನ ನೀವೇ ಜೊತೆಯಲ್ಲಿ ಹೋಗಿ, ಆ ಹಾಡನ್ನೇ ಹೇಳಿಸುವಂತೆ ಮಂಡಳಿಯವರಿಗೆ ಮುಂಚಿತವಾಗಿ ತಿಳಿಸಿಡಿ.