ಪಗಾರ ಕೇಳಿದ ಆಯಿ

ಮೈಸೂರಿನಿಂದ ಹುಬ್ಬಳ್ಳಿಗೆ ಕೆಲಸಕ್ಕೆ ಬಂದು ಎಂಟು ತಿಂಗಳಾಯಿತು, ಇಲ್ಲಿಯ ಜನರ ಮಾತು ಒರಟು ಅನ್ನಿಸುತ್ತದೆ, ಹೊಂದಿಕೊಳ್ಳಲು ಹೋದರೆ ನಾನು ನಾನಾಗಿ ಉಳಿಯುತ್ತೇನಾ ಅಂತ ಕೇಳಿದ್ದೀರಿ. ನಾನೂ ಮೈಸೂರಿನವಳೇ. ಗಂಡನಿಗೆ ಇಲ್ಲಿ ಕೆಲಸ ಸಿಕ್ಕಿ 2004ರಲ್ಲಿ ಧಾರವಾಡಕ್ಕೆ ಬಂದೆವು. ನಿಮ್ಮ ಪ್ರಶ್ನೆ ಓದಿದಾಗ ನನ್ನ ಮೊದಲ ವರ್ಷವೆಲ್ಲ ಕಣ್ಣ ಮುಂದೆ ಬಂತು.

ಬಂದ ಮೂರನೇ ದಿನ ಎದುರುಮನೆಯ ಆಯಿ ಬಾಗಿಲಿಗೆ ಬಂದು, "ಏನವಾ, ನಿನ್ನ ಗಂಡಗ ಪಗಾರ ಎಷ್ಟೈತಿ?" ಅಂದರು. ಇನ್ನೂ ನನ್ನ ಹೆಸರು ಕೇಳಿರಲಿಲ್ಲ. ಏಕವಚನ ಬೇರೆ. ನಮ್ಮ ಮನೆಯಲ್ಲಿ ಅಪ್ಪನ ಸಂಬಳ ನಮಗೇ ಗೊತ್ತಿರಲಿಲ್ಲ. ಅದನ್ನು ಕೇಳುವುದು ಅಂದರೆ ಮಾನ ಮರ್ಯಾದೆ ಬಿಟ್ಟ ಹಾಗೆ. ಏನೋ ಒಂದು ಅಂಕಿ ಹೇಳಿ ಒಳಗೆ ಬಂದು ಅತ್ತೆ. ಆ ವಾರವೆಲ್ಲ ಅವರ ಬಾಗಿಲ ಕಡೆ ಮುಖ ಹಾಕಲಿಲ್ಲ.

ಓಣಿಯ ಹೆಂಗಸರದ್ದೊಂದು ಭಿಶಿ ಇತ್ತು. ನಮ್ಮ ಕಡೆ ಚೀಟಿ ಅನ್ನುತ್ತೇವಲ್ಲ, ಅದೇ. ಹನ್ನೆರಡು ಮನೆ, ತಿಂಗಳಿಗೆ ತಲಾ 300 ರೂಪಾಯಿ, ಪ್ರತಿ ತಿಂಗಳು ಒಬ್ಬರ ಕೈಗೆ 3,600. ಚೀಟಿ ಎತ್ತುವ ಮೊದಲು ಆಯಿ ಎಲ್ಲರ ಮುಖ ನೋಡಿ, "ಯಾರಿಗರ ಅಡಚಣಿ ಐತೇನ್ರವಾ?" ಅಂತ ಕೇಳುತ್ತಿದ್ದರು. ಅಡಚಣೆ ಇದ್ದವರಿದ್ದರೆ ಆ ತಿಂಗಳು ಚೀಟಿ ಎತ್ತುವುದೇ ಇಲ್ಲ. ಮರುವರ್ಷ ಮೈಸೂರಿನಲ್ಲಿ ಅಪ್ಪನಿಗೆ ಆಪರೇಷನ್ ಆಗಬೇಕಿತ್ತು. ನಾನು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ, ಫೋನಿನಲ್ಲಿ ಅತ್ತದ್ದು ಓಣಿಗೆ ಕೇಳಿಸಿತ್ತು ಅಷ್ಟೆ. ಆಯಿ ನನ್ನ ಕಡೆ ಕೈ ತೋರಿಸಿ, "ಇಕಿಗೆ ಕೊಡ್ರಿ. ಆ ಪಗಾರದಾಗ ದವಾಖಾನಿ ಖರ್ಚು ಆಗೂದಲ್ಲ" ಅಂದರು. ಪಗಾರ ಯಾಕೆ ಕೇಳಿದ್ದರು ಅನ್ನುವುದು ನನಗೆ ತಿಳಿದದ್ದು ಅವತ್ತು.

ಸಂಸ್ಕೃತಿ ನಮ್ಮನ್ನು ತಿದ್ದುವುದು ಹಬ್ಬ, ಉಡುಗೆ, ಊಟದಲ್ಲಿ ಅಂದುಕೊಂಡಿದ್ದೆ. ಅದಕ್ಕಿಂತ ಹೆಚ್ಚಾಗಿ ನಮ್ಮ ಕಿವಿಯನ್ನು ತಿದ್ದಿರುತ್ತದೆ. ಯಾವ ಮಾತು ಅಕ್ಕರೆ, ಯಾವುದು ಅಧಿಕಪ್ರಸಂಗ ಅಂತ ನಾವು ಹುಟ್ಟಿದ ಮನೆ ಮೊದಲೇ ಗೆರೆ ಎಳೆದು ಕಳಿಸಿರುತ್ತದೆ. ಆಯಿ ನನ್ನನ್ನು 'ನೀ' ಅಂದದ್ದು ಮಗಳ ಲೆಕ್ಕದಲ್ಲಿ. ನನಗೆ ಕೇಳಿಸಿದ್ದು ಅಗೌರವ.

ಅಂದ ಹಾಗೆ, ಈ ಪಗಾರ, ತಾಸು, ಚಹಾ ಅನ್ನುವ ಮಾತುಗಳನ್ನೇ ನೋಡಿ. 1956ರ ನವೆಂಬರ್ 1ರವರೆಗೆ ಧಾರವಾಡ ಮುಂಬೈ ಆಡಳಿತದಲ್ಲಿತ್ತು. ಮರಾಠಿಯ ಜೊತೆ ಬಾಳಿ ಇವರ ಕನ್ನಡ ಈ ರುಚಿಗೆ ಬಂದಿದೆ. ನಾವು ಬರುವ ಎಷ್ಟೋ ಮೊದಲೇ ಈ ಊರು ಹೊಂದಿಕೊಳ್ಳುವುದನ್ನು ಕಲಿತಿತ್ತು.

ಕೆನಡಾದ ಮನಃಶಾಸ್ತ್ರಜ್ಞ ಜಾನ್ ಬೆರಿ ಅವರ ವಿಚಾರ ನನಗೆ ಬಹಳ ಉಪಯೋಗಕ್ಕೆ ಬಂತು. ಬೇರೆ ನೆಲಕ್ಕೆ ಹೋದವರ ಮುಂದೆ ಎರಡು ಪ್ರಶ್ನೆ ಇರುತ್ತವೆ: ನನ್ನದನ್ನು ಉಳಿಸಿಕೊಳ್ಳಬೇಕೇ? ಇಲ್ಲಿಯವರೊಡನೆ ಬೆರೆಯಬೇಕೇ? ಇವು ಬೇರೆ ಬೇರೆ ಪ್ರಶ್ನೆಗಳು, ಎರಡಕ್ಕೂ ಹೌದು ಅನ್ನಬಹುದು. ನೀವು ಎರಡನ್ನೂ ಒಂದೇ ತಕ್ಕಡಿಗೆ ಹಾಕಿದ್ದೀರಿ, ಒಂದು ಏರಿದರೆ ಇನ್ನೊಂದು ಇಳಿಯಲೇಬೇಕು ಅನ್ನುವ ಹಾಗೆ. ಹೋದವರ ಮನಸ್ಸು ಒಂದೇ ಸಾಲದು, ಬರಮಾಡಿಕೊಳ್ಳುವ ಸಮಾಜವೂ ಜಾಗ ಕೊಡಬೇಕು ಅಂತಲೂ ಬೆರಿ ಹೇಳುತ್ತಾರೆ. ನನಗೆ ಜಾಗ ಸಿಕ್ಕಿದ್ದು ಆಯಿಯ ಅಡುಗೆಮನೆಯಲ್ಲಿ. ರೊಟ್ಟಿ ಬಡಿಯಲು ಕಲಿಸಿದವರು ಒಂದು ದಿನ, "ನಿಮ್ಮ ರಾಗಿ ಮುದ್ದಿ ಹೆಂಗ ಮಾಡ್ತೀರಿ, ತೋರ್ಸು" ಅಂದರು. ಅಗಿಯದೆ ನುಂಗಬೇಕು ಅಂದಾಗ ಅವರಿಗೆ ನಂಬಿಕೆಯೇ ಬರಲಿಲ್ಲ.

ಹಾಗಂತ ಏನೂ ಕಳೆಯುವುದಿಲ್ಲ ಅಂತ ನಿಮಗೆ ಸುಳ್ಳು ಹೇಳಲಾರೆ. ಗಂಗೂಬಾಯಿ ಹಾನಗಲ್ ಅವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತ ಹಾಡುತ್ತಿದ್ದವರು. ಮಗಳು ಹಿಂದೂಸ್ತಾನಿ ಕಲಿಯತೊಡಗಿದಾಗ, ತಮ್ಮ ಶೈಲಿ ಅವಳ ಕಂಠಕ್ಕೆ ಅಡ್ಡ ಬರಬಾರದೆಂದು ತಾವು ಹಾಡುವುದನ್ನೇ ಬಿಟ್ಟರು. ಮಗಳು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಬಳಿ ಕಲಿತು ಗಂಗೂಬಾಯಿ ಆದರು. ಆ ತಾಯಿಯನ್ನು ನೆನೆದರೆ ನನಗೆ ಈಗಲೂ ಗಂಟಲು ಕಟ್ಟುತ್ತದೆ. ಮಲ್ಲಿಕಾರ್ಜುನ ಮನಸೂರರ ದಾರಿ ಬೇರೆ. ಉತ್ತರದಿಂದ ಬಂದ ಹಿಂದೂಸ್ತಾನಿ ಗಾಯನ ಶೈಲಿಯನ್ನು ಮೈಗೂಡಿಸಿಕೊಂಡು ಅದೇ ರಾಗಗಳಲ್ಲಿ ಶರಣರ ವಚನ ಹಾಡಿದರು. ಕೇಳುವಾಗ ಯಾವುದು ಹೊರಗಿನದು, ಯಾವುದು ಮನೆಯದು ಅಂತ ಬೇರ್ಪಡಿಸಲು ಆಗುವುದಿಲ್ಲ.

ನಾನು ಕಳೆದುಕೊಂಡದ್ದೂ ಇದೆ. ಅಮ್ಮ ಫೋನಿನಲ್ಲಿ, "ಏನೇ, ಪೂರ್ತಿ ಆ ಕಡೆಯವಳಾಗಿಬಿಟ್ಟೆ" ಅನ್ನುವಾಗ ಅದರಲ್ಲಿ ನೋವಿರುತ್ತದೆ. ನನ್ನ ಮಕ್ಕಳಿಗೆ ಮೈಸೂರು ರಜೆಯ ಊರು. ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ.

ನೀವು ಒಂದು ಕೆಲಸ ಮಾಡಿ. ದಸರೆಗೆ ಮೈಸೂರಿನಿಂದ ಬೊಂಬೆ ತರಿಸಿ ಕೂರಿಸಿ, ಓಣಿಯ ಮಕ್ಕಳನ್ನು ಕರೆಯಿರಿ. ವಿಜಯದಶಮಿಯ ಸಂಜೆ ಇಲ್ಲಿ ಮನೆಮನೆಗೆ ಹೋಗಿ ಬನ್ನಿ ಎಲೆ ಕೊಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೋಣ" ಅನ್ನುತ್ತಾರೆ. ಅವರು ಬರಲಿ ಅಂತ ಕಾಯಬೇಡಿ, ನೀವೇ ಮೊದಲು ಹೊರಡಿ. ಯಾರ ಮಾತು ನಿಮಗೆ ಎಲ್ಲಕ್ಕಿಂತ ಒರಟು ಅನ್ನಿಸಿದೆಯೋ ಅವರ ಮನೆಗೇ ಮೊದಲು ಹೋಗಿ. ಪಗಾರ ಕೇಳಿದರೆ ಹೇಳಿಬಿಡಿ.